ಪುಷ್ಪಾವರಣದೊಳಗಿನ ಪುಸ್ತಕಗಳು

ಒಂದು ಫೈಲನ್ನು ತೆರೆದು, ಅದರೊಳಗಿನ ದಾಖಲೆಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಪರದೆಯ ಮೇಲೆ ತೋರಿಸುವುದು ಪ್ರೋಗ್ರಾಂ ಬರೆಯುವವರ ಲೋಕದಲ್ಲಿ ಬಾಲಪಾಠವೆಂದು ಎಣಿಸಲ್ಪಟ್ಟಿರುವ ಕೆಲಸ. ಹೊಸದಾಗಿ ಸೇರಿದ ಹುಡುಗರಿಗೆ ಅದನ್ನು ಒಪ್ಪಿಸಿ ಹಿರಿಯರು ಕಾಫಿಗೆ ಎದ್ದುಹೋಗುತ್ತಾರೆ. ಅವರು ಹಿಂದಿರುಗುವಷ್ಟರಲ್ಲಿ ಕೆಲಸ ಮುಗಿದಿರಬೇಕೆಂಬುದು ಉಭಯ ಪಕ್ಷದವರ ನಿರೀಕ್ಷೆ. ಈ ಬಾಲಪಾಠವನ್ನು ನಾನು ನನ್ನ ಉದ್ಯೋಗಜೀವನದ ಮಧ್ಯಕಾಲದಲ್ಲಿ, ಯಾವ ಸಂಬಳದ ನಿರ್ಬಂಧವೂ ಇಲ್ಲದೆ, ಒಂದು ಕನ್ನಡ ಪುಸ್ತಕಭಂಡಾರದ ನಿಮಿತ್ತವಾಗಿ ಪುನಃ ಓದಬೇಕಾಗಿ ಬಂದಿತು; ಜಾವಾಸ್ಕ್ರಿಪ್ಟಿನ ವಿಷಯದಲ್ಲಿ ನನಗಿರುವ ಅಲ್ಪಸ್ವಲ್ಪ ವಿವೇಕವೆಲ್ಲ ಆಗ ಸಂಪಾದಿತವಾದುದೇ ಹೊರತು, ಸಂಬಳ ಕೊಟ್ಟ ಕಂಪನಿಗಳ ದೊಡ್ಡ ದೊಡ್ಡ ಯೋಜನೆಗಳಿಂದ ಬಂದುದಲ್ಲ.

ಆ ಭಂಡಾರವಿದ್ದುದು ಹಳೆಯ ಮೈಸೂರು ಸೀಮೆಯ ಒಂದು ಪಟ್ಟಣದಲ್ಲಿ, ಸಂತೆಬೀದಿಗೆ ಬೆನ್ನುಮಾಡಿ ನಿಂತ ಒಂದು ವಾಚನಾಲಯದಲ್ಲಿ. ಅದರ ಗ್ರಂಥಪಾಲಕರು ಹೈಸ್ಕೂಲಿನಿಂದ ನಿವೃತ್ತರಾದ ಕನ್ನಡ ಪಂಡಿತರು. ಊರಿನವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತಿದ್ದೆನು, ಅವರು ನನ್ನನ್ನು ವಯಸ್ಸಿನ ಸಲಿಗೆಯಿಂದ 'ಏನಯ್ಯಾ' ಎನ್ನುತ್ತಿದ್ದರು. ಭಂಡಾರದ ಸಮಸ್ತ ಸಂಪತ್ತೂ ದಪ್ಪ ರಟ್ಟಿನ ಆಕ್ಸೆಶನ್ ರಿಜಿಸ್ಟರುಗಳಲ್ಲಿ ದಾಖಲಾಗಿದ್ದಿತು: ಸಾಲಿಗೊಂದು ಅಂಕಿ, ಪುಸ್ತಕದ ಹೆಸರು, ಲೇಖಕನ ಹೆಸರು, ಪ್ರಕಟವಾದ ವರ್ಷ, ಬೆಲೆ, ದಾನವಾಗಿ ಬಂದುದಾದರೆ ದಾನಿಯ ಹೆಸರು, ಒಯ್ದವರು ಹಿಂದಿರುಗಿಸದಿದ್ದ ಪುಸ್ತಕವಾದರೆ, ಕೊನೆಯ ಕಾಲಮಿನಲ್ಲಿ ಕೆಂಪು ಶಾಯಿಯ ಒಂದು ಸಂಕ್ಷಿಪ್ತ ವಿಷಾದೋಕ್ತಿ. 2008ರಲ್ಲಿ ಆಡಳಿತ ಮಂಡಲಿಯವರು ಈ ರಿಜಿಸ್ಟರುಗಳನ್ನು ಒಂದು ಟೈಪಿಂಗ್ ಸಂಸ್ಥೆಗೆ ಕೊಟ್ಟು, ಇದ್ದುದೆಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಕೊಡಬೇಕೆಂದು ಕೇಳಿ, ಕಾಲಕ್ರಮದಲ್ಲಿ ಒಂದು ಸಿ.ಡಿ.ಯನ್ನು ಪಡೆದರು. ಆ ಸಂಸ್ಥೆಯಲ್ಲಿ ಹೊಸತನದ ಹುಚ್ಚು ಹತ್ತಿದ ತರುಣನೊಬ್ಬನಿದ್ದಿರಬೇಕು. ಎಲ್ಲರೂ ಕೊಡುವಂತೆ ಎಕ್ಸೆಲ್ ಹಾಳೆಯನ್ನು ಕೊಡದೆ, ಅವನು ಇಡೀ ಭಂಡಾರವನ್ನು ಒಂದು ಜೇಸನ್ ಫೈಲಿನಲ್ಲಿ ಅಡಗಿಸಿ ಕೊಟ್ಟಿದ್ದನು.

ಮೇಷ್ಟ್ರು ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ ಗಾಬರಿಗೊಂಡು ನನಗೆ ಹೇಳಿಕಳುಹಿಸಿದರು. ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಹಿಂದಕ್ಕೆ ವಾಲಿದ ಒಂದು ಗೀಟು, ಇಂಗ್ಲಿಷಿನ ಯು ಅಕ್ಷರ, ಸೊನ್ನೆ, ಸಿ, ಒಂಬತ್ತು, ಐದು — ಇಷ್ಟೂ ಸೇರಿ ಒಂದು 'ಕ'ಕಾರವಾಗುವ ಬಗೆಯಲ್ಲಿ, ನೂರಾರು ಕವಿಗಳ ಕೃತಿಗಳ ಹೆಸರುಗಳೆಲ್ಲ ಯೂನಿಕೋಡಿನ ಸಂಕೇತಗಳಾಗಿ ಸಾಲುಗಟ್ಟಿದ್ದುವು. "ಇದರಲ್ಲಿ ಪುಸ್ತಕಗಳಿವೆಯೇನಯ್ಯಾ?" ಎಂದು ಅವರು ಕೇಳಿದಾಗ, ಇವೆ, ಎಲ್ಲವೂ ಇವೆ, ಓದುವ ಯಂತ್ರಕ್ಕೆ ಅವು ಕನ್ನಡವಾಗಿಯೇ ಕಾಣುವುವು ಎಂದು ನಾನು ಸಮಾಧಾನ ಹೇಳಿದೆನಾದರೂ, ಅವರ ಮುಖದ ಸಂದೇಹವು ಪರದೆಯ ಮೇಲೆ ಮೊದಲ ಹೆಸರು ಮೂಡುವವರೆಗೂ ಹೋಗಲಿಲ್ಲ.

ಜೇಸನ್ ಎಂಬ ಈ ಬರವಣಿಗೆಯ ಕ್ರಮಕ್ಕೆ ಆಗಷ್ಟೇ ಏಳು ವರ್ಷ ತುಂಬಿದ್ದಿತು. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎಂಬವರು ತಮ್ಮ ಜೊತೆಗಾರರಾದ ಚಿಪ್ ಮಾರ್ನಿಂಗ್‌ಸ್ಟಾರ್ ಅವರೊಡನೆ 2001ರ ಏಪ್ರಿಲಿನಲ್ಲಿ ಇಂಥ ಮೊದಲ ಸಂದೇಶವನ್ನು ಕಳುಹಿಸಿದರೆಂದು ಹೇಳುತ್ತಾರೆ. ಅದನ್ನು ತಾವು ನಿರ್ಮಿಸಲಿಲ್ಲ, ಜಾವಾಸ್ಕ್ರಿಪ್ಟಿನೊಳಗೆ ಮೊದಲೇ ಇದ್ದುದನ್ನು ಕಂಡುಕೊಂಡೆವಷ್ಟೆ ಎಂಬುದು ಕ್ರಾಕ್‌ಫರ್ಡರ ವಿನಯೋಕ್ತಿ. ಅದು ಸತ್ಯವೂ ಹೌದು, ಏಕೆಂದರೆ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವರು ಹತ್ತು ದಿನಗಳ ಅವಸರದಲ್ಲಿ ರೂಪಿಸಿದ ಆ ಭಾಷೆಯಲ್ಲಿ ಒಂದು ವಸ್ತುವನ್ನು ಬರೆದು ತೋರಿಸುವ ರೀತಿಯೇ, ಕೆಲವು ಸ್ವಾತಂತ್ರ್ಯಗಳನ್ನು ಕತ್ತರಿಸಿದ ಮೇಲೆ, ಜೇಸನ್ ಆಗಿ ಉಳಿಯಿತು. ಅದರ ವ್ಯಾಕರಣವೆಲ್ಲವೂ ಒಂದು ವಿಸಿಟಿಂಗ್ ಕಾರ್ಡಿನ ಬೆನ್ನಿನ ಮೇಲೆ ಹಿಡಿಯುವಷ್ಟು ಚಿಕ್ಕದು. ಶಾಲೆಯ ಗಣಿತದಲ್ಲಿ ನಾವು ಪುಷ್ಪಾವರಣವೆಂದು ಕಲಿತ ಆವರಣದೊಳಗೆ ಹೆಸರು-ಮೌಲ್ಯಗಳ ಜೋಡಿಗಳನ್ನಿಟ್ಟರೆ ಅದು ಆಬ್ಜೆಕ್ಟು. ಚೌಕಾವರಣದೊಳಗೆ ಮೌಲ್ಯಗಳನ್ನು ಸಾಲಾಗಿ ಇಟ್ಟರೆ ಅದು ಅರೇ. ಇವೆರಡರೊಳಗೆ ಸ್ಟ್ರಿಂಗು, ಸಂಖ್ಯೆ, ಹೌದು, ಅಲ್ಲ, ಏನೂ ಇಲ್ಲವೆಂಬ ನಲ್ — ಇಷ್ಟೇ ಪ್ರಪಂಚ. ಟಿಪ್ಪಣಿ ಬರೆಯುವುದಕ್ಕೆ ಸಹ ಅದರಲ್ಲಿ ಎಡೆಯಿಲ್ಲ. ಜನರು ಟಿಪ್ಪಣಿಗಳೊಳಗೆ ಯಂತ್ರಕ್ಕೆ ಗುಟ್ಟಿನ ಆಜ್ಞೆಗಳನ್ನು ಬರೆಯತೊಡಗಿದುದನ್ನು ಕಂಡು ಕ್ರಾಕ್‌ಫರ್ಡರು ಆ ಸೌಕರ್ಯವನ್ನೇ ತೆಗೆದುಹಾಕಿದರು. ನನಗೆ ಈ ಕಾಠಿಣ್ಯವು ಅಂದಿಗೂ ಮೆಚ್ಚು, ಇಂದಿಗೂ ಮೆಚ್ಚು.

ಅದನ್ನು ಓದುವ ರೀತಿಯಾದರೋ ಆಗ ಇಂದಿನಂತೆ ನಿಷ್ಕಂಟಕವಾಗಿರಲಿಲ್ಲ. ವಾಚನಾಲಯದ ಯಂತ್ರದಲ್ಲಿಯೇ ಒಂದು ಅಪಾಚೆ ಸರ್ವರನ್ನು ಕೂರಿಸಿ, ಬ್ರೌಸರಿನಿಂದ ಫೈಲನ್ನು ತರಿಸಿಕೊಂಡರೆ, ಬರುತ್ತಿದ್ದುದು ಪುಸ್ತಕಗಳ ಪಟ್ಟಿಯಲ್ಲ. ತುದಿಮೊದಲಿಲ್ಲದಂತೆ ತೋರುವ ಒಂದೇ ಸ್ಟ್ರಿಂಗು. ಅದರ ಮೇಲೆ ಲೂಪು ಹಾಕಿದರೆ ಅಕ್ಷರಗಳು ಬರುವುವೇ ಹೊರತು ಪುಸ್ತಕಗಳು ಬಾರವು. ಸ್ಟ್ರಿಂಗನ್ನು ಒಡೆದು ಜೀವಂತ ವಸ್ತುವನ್ನಾಗಿ ಮಾಡುವ ಪಾರ್ಸ್ ಎಂಬ ಕ್ರಿಯೆ ಬ್ರೌಸರುಗಳೊಳಗೆ ಇನ್ನೂ ನೆಲೆಗೊಂಡಿರಲಿಲ್ಲ; 2009ರಲ್ಲಿ ಹೊರಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8 ಮತ್ತು ಫೈರ್‌ಫಾಕ್ಸ್ 3.5ರಲ್ಲಿ ಅದು ಸೇರಿ, ಅದೇ ವರ್ಷದ ಡಿಸೆಂಬರಿನಲ್ಲಿ, ಜಾವಾಸ್ಕ್ರಿಪ್ಟಿನ ನಿಯಮಗ್ರಂಥವಾದ ಎಕ್ಮಾಸ್ಕ್ರಿಪ್ಟಿನ ಐದನೆಯ ಆವೃತ್ತಿಯಿಂದ ಭಾಷೆಯ ನಿಯಮವೇ ಆಯಿತು. ಅದಕ್ಕೆ ಮುಂಚೆ ಅನೇಕರು ಇವ್ಯಾಲ್ ಎಂಬ ಬ್ರಹ್ಮಾಸ್ತ್ರವನ್ನು ಪ್ರಯೋಗಿಸುತ್ತಿದ್ದರು. ಕೊಟ್ಟ ಸ್ಟ್ರಿಂಗನ್ನು ಅದು ಪ್ರೋಗ್ರಾಮೆಂದೇ ಭಾವಿಸಿ ನಡೆಸಿಬಿಡುವುದು. ಒಳಗಿರುವುದು ಪುಸ್ತಕದ ಹೆಸರೋ, ಯಾರೋ ದುಷ್ಟನು ಸೇರಿಸಿದ ಆಜ್ಞೆಯೋ ಎಂದು ಅದು ವಿಚಾರಿಸುವುದಿಲ್ಲ. ಕ್ರಾಕ್‌ಫರ್ಡರೇ ಬರೆದುಕೊಟ್ಟಿದ್ದ ಒಂದು ಪುಟ್ಟ ಪಾರ್ಸರು ಬಳಕೆಯಲ್ಲಿದ್ದುದರಿಂದ ನಾನು ಅದನ್ನೇ ಆಶ್ರಯಿಸಿದೆನು. ಅವರ ಕೆಲವು ಪ್ರೋಗ್ರಾಮುಗಳಿಗೆ, ಇವನ್ನು ಒಳ್ಳೆಯದಕ್ಕೇ ಬಳಸಬೇಕು, ಕೆಟ್ಟದ್ದಕ್ಕಲ್ಲ ಎಂಬ ಷರತ್ತೂ ಉಂಟೆಂದು ಹೇಳಿದಾಗ ಮೇಷ್ಟ್ರು ಬಹಳ ಸಂತೋಷಪಟ್ಟು, "ಹಾಗಾದರೆ ಆತ ಸಂಸ್ಕಾರವಂತ" ಎಂದರು.

ವಾಚನಾಲಯಕ್ಕೆ ಮೊದಲೇ ಒಂದು ವೆಬ್ ಪುಟವಿದ್ದಿತು. ಅದನ್ನು ಯಾರೋ ಉತ್ಸಾಹಿಗಳು, ವಾರ್ಷಿಕೋತ್ಸವದ ಭಾವಚಿತ್ರಗಳು ಒಂದರೊಳಗೊಂದು ಕರಗಿ ಮೂಡುವಂತೆ, ಪ್ರೋಟೋಟೈಪ್ ಎಂಬ ಆ ಕಾಲದ ಜನಪ್ರಿಯ ಲೈಬ್ರರಿಯನ್ನು ಬಳಸಿ ಮಾಡಿದ್ದರು. ಪಟ್ಟಿಯನ್ನು ತೋರಿಸಬೇಕಾದುದೂ ಆ ಪುಟದಲ್ಲಿಯೇ, ಅವರು ಮೊದಲೇ ಸಿದ್ಧಪಡಿಸಿದ್ದ ಲೂಪಿನಿಂದಲೇ. ಪಟ್ಟಿಯೇನೋ ಬಂದಿತು. ಆದರೆ ಪ್ರತಿಯೊಂದು ಪುಸ್ತಕದ ಕೆಳಗೂ 'ಕಾದಂಬರಿ, ಅನುವಾದ' ಎಂಬಂತೆ ವಿಷಯಗಳು ಬಂದಮೇಲೆ, ಆವರಣಗಳೂ ಅರ್ಧವಿರಾಮಗಳೂ ತುಂಬಿದ ಇಂಗ್ಲಿಷ್ ಬರಹವೊಂದು ಪುಂಖಾನುಪುಂಖವಾಗಿ ಇಳಿಯಿತು. "ಇದೇನಯ್ಯಾ, ಹರಿಕಥೆಯ ಪುಸ್ತಕಕ್ಕೂ ಈ ಮಂತ್ರ, ಗೊಬ್ಬರದ ಪುಸ್ತಕಕ್ಕೂ ಇದೇ ಮಂತ್ರ?" ಎಂದು ಮೇಷ್ಟ್ರು ಕೇಳಿದುದು ನ್ಯಾಯವಾದ ಪ್ರಶ್ನೆಯೇ ಆಗಿದ್ದಿತು.

ಅದರ ಕಾರಣವು ಜಾವಾಸ್ಕ್ರಿಪ್ಟಿನ ವಂಶಪದ್ಧತಿಯಲ್ಲಿದೆ. ಆ ಭಾಷೆಯ ಅರೇಗಳೆಲ್ಲವೂ ಒಬ್ಬ ಮೂಲಪುರುಷನಿಂದ ಗುಣಗಳನ್ನು ಪಡೆಯುತ್ತವೆ. ಪ್ರೋಟೋಟೈಪ್ ಲೈಬ್ರರಿಯು ಆ ಮೂಲಪುರುಷನಿಗೇ ತನ್ನ ಕಡೆಯಿಂದ ಹಲವು ಹೊಸ ವಿದ್ಯೆಗಳನ್ನು ಕಲಿಸಿಬಿಟ್ಟಿದ್ದಿತು. ಫಾರ್-ಇನ್ ಎಂಬ ಲೂಪು ವಸ್ತುವಿನ ಸ್ವಂತ ಸೊತ್ತನ್ನು ಮಾತ್ರವಲ್ಲದೆ ಪಿತ್ರಾರ್ಜಿತವನ್ನೂ ಎಣಿಸುವುದಾದ್ದರಿಂದ, ಎರಡು ವಿಷಯಗಳ ಪಟ್ಟಿಯಲ್ಲಿ ಎರಡನ್ನು ಹೇಳಿ ಮುಗಿಸಿದಮೇಲೆ, ಆ ವಿದ್ಯೆಗಳ ಮೂಲಪಾಠವನ್ನೂ ಶ್ರದ್ಧೆಯಿಂದ ಪಾರಾಯಣ ಮಾಡುತ್ತಿದ್ದಿತು. ಅದಲ್ಲದೆ ಫಾರ್-ಇನ್ ಕೊಡುವ ಸ್ಥಾನಸಂಖ್ಯೆ ಸಂಖ್ಯೆಯೂ ಅಲ್ಲ, ಸಂಖ್ಯೆಯ ವೇಷದ ಸ್ಟ್ರಿಂಗು; ಸೊನ್ನೆಗೆ ಒಂದನ್ನು ಕೂಡಿಸಿ ಕ್ರಮಸಂಖ್ಯೆ ಬರೆಯಹೋದರೆ ಒಂದು ಬರುವ ಬದಲು ಸೊನ್ನೆಯ ಪಕ್ಕದಲ್ಲಿ ಒಂದು ಕೂರುವುದು. ಅರೇಗೆ ಎಣಿಕೆಯ ಫಾರ್ ಲೂಪು, ಆಬ್ಜೆಕ್ಟಿಗೆ ಫಾರ್-ಇನ್, ಅದಕ್ಕೂ ಸ್ವಂತ ಸೊತ್ತು ಹೌದೇ ಎಂಬ ಒಂದು ಪರೀಕ್ಷೆ ಎಂದು ವಿಂಗಡಿಸಿದೊಡನೆ ಮಂತ್ರಪಾಠವು ನಿಂತಿತು.

ಇದು ಸಣ್ಣ ವಿಷಯ. ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದುದು, ಆ ಟೈಪಿಂಗ್ ಸಂಸ್ಥೆಯ ತರುಣನು ದತ್ತಕ್ಕೆ ಕೊಟ್ಟಿದ್ದ ಆಕಾರ. ಅವನು ಪುಸ್ತಕಗಳನ್ನು ಚೌಕಾವರಣದಲ್ಲಿ ಸಾಲಾಗಿ ಇಡದೆ, ಒಂದು ಮಹಾ ಪುಷ್ಪಾವರಣದೊಳಗೆ, ಆಕ್ಸೆಶನ್ ನಂಬರನ್ನೇ ಕೀ, ಎಂದರೆ ಜೋಡಿಯ ಹೆಸರು, ಆಗಿ ಮಾಡಿ ಇಟ್ಟಿದ್ದನು. ನೋಡುವುದಕ್ಕೆ ಇದು ಜಾಣತನವೇ. ನಂಬರನ್ನು ಹೇಳಿದರೆ ಪುಸ್ತಕವು ಹುಡುಕದೆ ಕೈಗೆ ಬರುವುದು. ಪುಸ್ತಕಗಳನ್ನು ಬೀರುಗಳ ಕ್ರಮದಲ್ಲಿ, ಎಂದರೆ ಮೊದಲು ಕಾವ್ಯ, ಆಮೇಲೆ ನಾಟಕ, ಆಮೇಲೆ ಕಾದಂಬರಿ ಎಂದು ಮೇಷ್ಟ್ರು ಚೀಟಿ ಅಂಟಿಸಿ ಸೂಚಿಸಿದ್ದಂತೆಯೇ ಅವನು ಬರೆಸಿಯೂ ಇದ್ದನು. ವಾಚನಾಲಯದ ಫೈರ್‌ಫಾಕ್ಸಿನಲ್ಲಿ ಪಟ್ಟಿಯು ಆ ಕ್ರಮದಲ್ಲಿಯೇ ಬರುತ್ತಿದ್ದಿತು. ಆದರೆ 2008ರ ಸೆಪ್ಟೆಂಬರಿನಲ್ಲಿ ಗೂಗಲ್ಲಿನವರ ಕ್ರೋಮ್ ಬ್ರೌಸರ್ ಹೊರಬಂದಿತು. ಮಂಡಲಿಯ ಸದಸ್ಯರೊಬ್ಬರು ಅದನ್ನು ತಮ್ಮ ಮನೆಯ ಯಂತ್ರದಲ್ಲಿ ಹಾಕಿಕೊಂಡು ಪಟ್ಟಿಯನ್ನು ನೋಡಿ, ಕಾವ್ಯವೂ ಕೃಷಿಯೂ ಜ್ಯೋತಿಷವೂ ಕಲಸಿಹೋಗಿವೆಯೆಂದೂ, ಅದಕ್ಕಿಂತ ವಿಚಿತ್ರವಾಗಿ, ಭಂಡಾರದ ಅತ್ಯಂತ ಹಳೆಯ ಪುಸ್ತಕಗಳೆಲ್ಲವೂ ಪಟ್ಟಿಯ ಬಾಲಕ್ಕೆ ಹೋಗಿ ಸೇರಿವೆಯೆಂದೂ ದೂರು ತಂದರು.

ಯಂತ್ರಗಳ ಪಕ್ಷವಾಗಿ ಹೇಳಬೇಕಾದುದನ್ನು ಹೇಳಬೇಕು. ಆಬ್ಜೆಕ್ಟಿನ ಕೀಗಳನ್ನು ಯಾವ ಕ್ರಮದಲ್ಲಿ ಎಣಿಸಬೇಕೆಂಬುದನ್ನು ಅಂದಿನ ಭಾಷಾನಿಯಮವು ಬ್ರೌಸರು ಮಾಡಿದವರ ಇಚ್ಛೆಗೆ ಬಿಟ್ಟಿದ್ದಿತು. ಹೆಚ್ಚಿನವರು ಬರೆದ ಕ್ರಮವನ್ನೇ ಪಾಲಿಸುತ್ತಿದ್ದರು. ಕ್ರೋಮಿನವರು, ಪೂರ್ಣಸಂಖ್ಯೆಯಾಗಿ ಓದಬಹುದಾದ ಕೀಗಳನ್ನು ಮೊದಲು ಏರಿಕೆಯ ಕ್ರಮದಲ್ಲಿ ಹೇಳಿ, ಉಳಿದ ಕೀಗಳನ್ನು ಆಮೇಲೆ ಬರೆದ ಕ್ರಮದಲ್ಲಿ ಹೇಳಿದರು. ಹಳೆಯ ರಿಜಿಸ್ಟರಿನ ಗುಮಾಸ್ತರು ಅಂದಕ್ಕಾಗಿ ಮೊದಲ ಸಾವಿರದೊಳಗಿನ ನಂಬರುಗಳಿಗೆಲ್ಲ ಎಡಗಡೆ ಸೊನ್ನೆಗಳನ್ನು ಬರೆದಿದ್ದರು. ನೂರನಲವತ್ತೇಳಕ್ಕೆ ಸೊನ್ನೆ ತಗುಲಿದೊಡನೆ ಅದು ಯಂತ್ರದ ದೃಷ್ಟಿಯಲ್ಲಿ ಸಂಖ್ಯೆಯ ಪದವಿಯನ್ನು ಕಳೆದುಕೊಂಡು ಬರಿಯ ಹೆಸರಾಗುವುದು. ಆದುದರಿಂದ ಸಾವಿರದಿಂದ ಈಚಿನ ಪುಸ್ತಕಗಳೆಲ್ಲ ಮುಂದಾಗಿ, ಸ್ಥಾಪಕರ ಕಾಲದ ಪುಸ್ತಕಗಳು ಹಿಂದಾದುವು. ಇದು ದೋಷವೇ ಅಲ್ಲವೇ ಎಂದು ಕ್ರೋಮಿನವರ ಮುಂದೆ ಜಗತ್ತಿನ ಪ್ರೋಗ್ರಾಮರುಗಳು ಬಹುಕಾಲ ವಾದಿಸಿದರು. ಕೊನೆಗೆ 2015ರ ಆವೃತ್ತಿಯಲ್ಲಿ ಸ್ವಂತ ಕೀಗಳಿಗೆ ಅದೇ ಕ್ರಮವು ನಿಯಮವಾಯಿತು. ಫಾರ್-ಇನ್ ಲೂಪಿಗೆ ಆ ಭರವಸೆ ದೊರೆತುದು 2020ರಲ್ಲಿ.

ಇಷ್ಟರಲ್ಲಿಯೇ ಮೇಷ್ಟ್ರು ಇನ್ನೊಂದನ್ನು ಕಂಡುಹಿಡಿದರು, ಅದೂ ಕ್ರೋಮಿನಲ್ಲಲ್ಲ, ತಮ್ಮ ಸ್ವಂತ ಯಂತ್ರದಲ್ಲಿ. ಪಶುವೈದ್ಯದ ಸಾಲಿನಲ್ಲಿ, ದನಗಳ ಕಾಲುಬಾಯಿ ರೋಗದ ಕೈಪಿಡಿಗೂ ಹೈನುಗಾರಿಕೆಯ ಪುಸ್ತಕಕ್ಕೂ ನಡುವೆ, ಬಂಗಾಳಿಯಿಂದ ಅನುವಾದವಾದ ಒಂದು ಕರುಣಾಜನಕ ಕಾದಂಬರಿ ಕುಳಿತಿದ್ದಿತು. ಅಲ್ಲಿರಬೇಕಾದ ಹಳೆಯ ಪಶುವೈದ್ಯಗ್ರಂಥವು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಬೀರುವಿನಲ್ಲಿ ಮಾತ್ರ ಅದು ಬೆನ್ನು ಕಿತ್ತರೂ ಭದ್ರವಾಗಿದ್ದಿತು. ನಾವಿಬ್ಬರೂ ರಿಜಿಸ್ಟರನ್ನು ತೆಗೆದು ಸಾಲುಸಾಲಾಗಿ ಬೆರಳಿಟ್ಟು ನೋಡಿದೆವು. ಯಾವ ಕಾಲದ ಯಾವ ಗುಮಾಸ್ತರೋ, ಪುಟವನ್ನು ತಿರುವುವಾಗ ಲೆಕ್ಕ ತಪ್ಪಿ, 1147 ಎಂಬ ನಂಬರನ್ನು ಎರಡು ಪುಸ್ತಕಗಳಿಗೆ ಕೊಟ್ಟಿದ್ದರು. ಕಾಗದದ ಮೇಲೆ ಎರಡು 1147ಗಳು ಜಗಳವಿಲ್ಲದೆ ಬಾಳುತ್ತವೆ. ಪುಷ್ಪಾವರಣದೊಳಗೆ ಹಾಗಾಗದು: ಒಂದೇ ಕೀ ಎರಡು ಸಲ ಬಂದರೆ ಎರಡನೆಯದು ಮೊದಲನೆಯದನ್ನು ನಿಶ್ಶಬ್ದವಾಗಿ ಅಳಿಸಿ, ಅದರ ಮೌಲ್ಯವನ್ನು ಕಿತ್ತೊಗೆದು, ಅದರ ಸ್ಥಾನದಲ್ಲಿ ತಾನು ಕೂರುವುದು. ಪಾರ್ಸರು ಎಚ್ಚರಿಕೆಯ ಒಂದು ಮಾತನ್ನೂ ಆಡುವುದಿಲ್ಲ. ಹೆಸರುಗಳು ಬೇರೆಬೇರೆಯಾಗಿದ್ದರೆ ಒಳ್ಳೆಯದೆಂದು ಜೇಸನ್ನಿನ ನಿಯಮಪತ್ರವು ಸಲಹೆ ಕೊಡುವುದೇ ಹೊರತು, ಇರಲೇಬೇಕೆಂದು ವಿಧಿಸುವುದಿಲ್ಲ.

ಅಂದು ನಾನು ಆ ಫೈಲನ್ನು ಮುರಿದು ಅರೇಯಾಗಿ ಕಟ್ಟಲು ಕುಳಿತೆನು. ಅದಕ್ಕೂ ಪಾರ್ಸರನ್ನು ನಂಬುವಂತಿರಲಿಲ್ಲ. ಪಾರ್ಸ್ ಆದಮೇಲೆ ಅಳಿದ ಪುಸ್ತಕಗಳು ಅಳಿದೇ ಇರುವುವಾದುದರಿಂದ, ಮೂಲ ಸ್ಟ್ರಿಂಗಿನ ಮೇಲೆಯೇ ಕೀಗಳನ್ನು ಎಣಿಸಿ, ಎರಡು ಸಲ ಬಂದವುಗಳನ್ನು ಪಟ್ಟಿಮಾಡಿ, ಮೇಷ್ಟ್ರ ಮುಂದಿಟ್ಟೆನು. ಅವರು ಅವುಗಳನ್ನು ರಿಜಿಸ್ಟರಿನಲ್ಲಿ ಹಾಗೆಯೇ ಬಿಟ್ಟು, ಎರಡನೆಯದಕ್ಕೆ 'ಅ' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ನಂಬರು ಇನ್ನು ಕೀ ಅಲ್ಲ, ಪುಸ್ತಕದ ಇತರ ಗುಣಗಳಂತೆ ಒಂದು ಗುಣ. ಸಾಲಿನಲ್ಲಿ ಯಾವುದು ಎಲ್ಲಿ ನಿಲ್ಲಬೇಕೆಂಬುದನ್ನು ಚೌಕಾವರಣವೇ ಕಾಯುವುದು. ಲೂಪಿನ ವಿಧಗಳನ್ನು ಕುರಿತು ತರುಣರು ಮಾಡುವ ಚರ್ಚೆಗಳನ್ನು, ಯಾವುದು ವೇಗ, ಯಾವುದು ಸುಂದರ ಎಂಬ ಜಿಜ್ಞಾಸೆಯನ್ನು ಕೇಳುವಾಗಲೆಲ್ಲ ನನಗೆ ಆ 1147 ನೆನಪಾಗುವುದು. ಲೂಪು ಹೋಗುವುದು ದತ್ತದ ಆಕಾರವು ಬಿಟ್ಟುಕೊಟ್ಟ ದಾರಿಯಲ್ಲಿ. ಆ ಆಕಾರವನ್ನು ಕಣ್ಣಿನಿಂದ ಓದದೆ ಲೂಪನ್ನು ತಿದ್ದುವುದರಿಂದ ಏನೂ ದೊರೆಯದು.

ಕಣ್ಣಿನಿಂದ ಓದಿದರೂ ದೊರೆಯದ ಸಂದರ್ಭವೊಂದಿದೆಯೆಂಬುದನ್ನು ಸಹ ಅದೇ ಫೈಲು ತೋರಿಸಿಕೊಟ್ಟಿತು. ನೂರಾರು ಪುಸ್ತಕಗಳ ಮುಂದೆ ಲೇಖಕರ ಹೆಸರು ಬರುವ ಬದಲು, ಅನ್‌ಡಿಫೈನ್ಡ್ ಎಂದು ಜಾವಾಸ್ಕ್ರಿಪ್ಟು ತನ್ನ ನಿರ್ಲಿಪ್ತ ಉತ್ತರವನ್ನು ಕೊಡುತ್ತಿದ್ದಿತು. ಫೈಲನ್ನು ನೋಡಿದರೆ ಆ ದಾಖಲೆಗಳಲ್ಲಿಯೂ 'ಲೇಖಕ' ಎಂಬ ಕೀ ಇದೆ, ಅದರ ಮುಂದೆ ಹೆಸರೂ ಇದೆ. ಸರಿಯಾದ ದಾಖಲೆಯ ಕೀ ಒಂದನ್ನೂ ಅನ್‌ಡಿಫೈನ್ಡ್ ಆದ ದಾಖಲೆಯ ಕೀ ಒಂದನ್ನೂ ಕನ್ಸೋಲಿನಲ್ಲಿ ಅಕ್ಕಪಕ್ಕ ಇಟ್ಟೆನು. ಒತ್ತಿನಲ್ಲಾಗಲಿ ದೀರ್ಘದಲ್ಲಾಗಲಿ ಕೂದಲೆಳೆಯಷ್ಟು ಭೇದವಿಲ್ಲ. ಉದ್ದವನ್ನು ಕೇಳಿದಾಗ ಒಂದು ನಾಲ್ಕು ಎಂದಿತು, ಇನ್ನೊಂದು ಐದು ಎಂದಿತು. ಯೂನಿಕೋಡಿನಲ್ಲಿ 'ಲೇ' ಎಂಬುದನ್ನು ಲಕಾರಕ್ಕೆ ಏತ್ವದ ಒಂದೇ ಚಿಹ್ನೆಯನ್ನು ಹಚ್ಚಿ ಬರೆಯಬಹುದು. ಅಥವಾ ಎತ್ವವನ್ನು ಹಚ್ಚಿ, ಅದರ ಪಕ್ಕದಲ್ಲಿ ದೀರ್ಘದ ಚಿಹ್ನೆಯನ್ನು ಪ್ರತ್ಯೇಕವಾಗಿ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡಿಗೆ ಮುಂಚಿನ ನಮ್ಮ ಫಾಂಟುಗಳಲ್ಲಿ ದೀರ್ಘವು ಬೇರೆಯ ಒಂದು ಮೊಳೆಯಾಗಿಯೇ ಇರುತ್ತಿದ್ದಿತು. ಕೆಲವು ರಿಜಿಸ್ಟರುಗಳನ್ನು ಅಂಥ ಫಾಂಟಿನಲ್ಲಿ ಟೈಪು ಮಾಡಿ, ಯಾವುದೋ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿದ್ದರೆಂದು ತೋರುತ್ತದೆ. ಇಂದಾದರೆ ನಾರ್ಮಲೈಜ್ ಎಂಬ ಒಂದು ಮಾತಿನಿಂದ ಎರಡನ್ನೂ ಒಂದುಗೂಡಿಸಬಹುದು. ಅದು ಭಾಷೆಗೆ ಬಂದುದು 2015ರಲ್ಲಿ. ಅಂದು ಫೈಲಿನುದ್ದಕ್ಕೂ ಎಲ್ಲ ಎತ್ವ-ದೀರ್ಘಗಳನ್ನು ಏತ್ವವಾಗಿಯೂ, ಒತ್ವ-ದೀರ್ಘಗಳನ್ನು ಓತ್ವವಾಗಿಯೂ ಬದಲಿಸಬೇಕಾಯಿತು. ಮೇಷ್ಟ್ರಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಗುಣಿತವನ್ನು ಬಿಡಿಸಿ ಬರೆಯುವುದು ಅವರು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ ವಿದ್ಯೆ.

ವರ್ಷಗಳು ಉರುಳಿದುವು. ಲೂಪಿನ ಬರವಣಿಗೆ ಮೃದುವಾಯಿತು. ಅರೇಗೆ ಫಾರ್‌ಈಚ್ ಬಂದಿತು, ಆಮೇಲೆ ಸ್ಥಾನಸಂಖ್ಯೆಯ ಗೊಡವೆಯಿಲ್ಲದೆ ವಸ್ತುವನ್ನೇ ಕೈಗಿಡುವ ಫಾರ್-ಆಫ್ ಬಂದಿತು. ಆಬ್ಜೆಕ್ಟಿನ ಕೀಯನ್ನೂ ಮೌಲ್ಯವನ್ನೂ ಜೋಡಿಯಾಗಿ ಕೊಡುವ ಎಂಟ್ರೀಸ್ 2017ರಲ್ಲಿ ಬಂದಿತು. ಅದೇ ಸುಮಾರಿಗೆ ಮೇಷ್ಟ್ರ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಿದ್ದವಳು ರಜೆಯಲ್ಲಿ ಊರಿಗೆ ಬಂದು, ನನ್ನ ಪುಟವನ್ನು ನೋಡಿ, "ಅಂಕಲ್, ಇದು ತುಂಬ ಹಳೇ ಕಾಲದ್ದು" ಎಂದು ನಗುತ್ತ ಅದನ್ನು ಹೊಸದಾಗಿ ಬರೆಯಲು ಕುಳಿತಳು. ಅವಳು ಭಂಡಾರವನ್ನು ವಿಭಾಗಕ್ಕೊಂದರಂತೆ ಹಲವು ಫೈಲುಗಳಾಗಿ ಒಡೆದು, ಫೆಚ್ ಎಂಬ ಹೊಸ ವಿಧಾನದಿಂದ ತರಿಸಿಕೊಂಡಳು. ಪುಟವನ್ನು ಡಬಲ್ ಕ್ಲಿಕ್ ಮಾಡಿ ನೇರವಾಗಿ ತೆರೆದರೆ ಪಕ್ಕದಲ್ಲಿಯೇ ಇರುವ ಫೈಲನ್ನೂ ಬ್ರೌಸರು ಮುಟ್ಟಗೊಡುವುದಿಲ್ಲ, ನಡುವೆ ಒಂದು ಸರ್ವರ್ ಬೇಕು ಎಂಬ ಮೊದಲ ವಿಘ್ನವನ್ನು ಅವಳು ಪೈಥಾನಿನ ಒಂದು ಸಾಲಿನ ಸರ್ವರಿನಿಂದ ದಾಟಿದಳು. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟನ್ನು ನಡೆಸುವ ನೋಡ್‌ನಲ್ಲಿ ಅದೇ ಫೈಲನ್ನು ಓದಿದಾಗ ಮೊದಲ ಅಕ್ಷರದಲ್ಲಿಯೇ ಪಾರ್ಸು ಮುರಿದುಬಿದ್ದಿತು. ಯಾರೋ ನೋಟ್‌ಪ್ಯಾಡಿನಲ್ಲಿ ತೆರೆದು ಉಳಿಸಿದಾಗ ಫೈಲಿನ ತಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಕುಳಿತಿದ್ದಿತು. ಬ್ರೌಸರು ಅದನ್ನು ತಾನಾಗಿಯೇ ಒರೆಸಿಕೊಂಡು ಓದುತ್ತದೆ. ನೋಡ್ ಅದನ್ನು ಹಾಗೆಯೇ ಪಾರ್ಸರಿನ ಕೈಗೆ ಕೊಡುತ್ತದೆ, ಪಾರ್ಸರು ಮುಖ ತಿರುಗಿಸುತ್ತದೆ.

ಸ್ವಾರಸ್ಯವಿದ್ದುದು ಮುಂದಿನ ಘಟ್ಟದಲ್ಲಿ. ಅವಳು ವಿಭಾಗಗಳ ಹೆಸರುಗಳ ಮೇಲೆ ಫಾರ್‌ಈಚ್ ಹಾಕಿ, ಅದರೊಳಗೆ ಪ್ರತಿಯೊಂದು ಫೈಲಿಗೂ ಅವೇಟ್ ಎಂದು ಬರೆದಿದ್ದಳು. ಪುಟವು ತೆರೆದಾಗ 'ಒಟ್ಟು ಪುಸ್ತಕಗಳು: 0' ಎಂದು ಮೊದಲು ಘೋಷಣೆಯಾಯಿತು; ಆಮೇಲೆ ಚಿಕ್ಕದಾದ ಜ್ಯೋತಿಷವಿಭಾಗವು ಎಲ್ಲರಿಗಿಂತ ಮುಂಚೆ ಬಂದು ಕುಳಿತು, ಕಾವ್ಯವು ತನ್ನ ಗಾತ್ರಕ್ಕೆ ತಕ್ಕಂತೆ ನಿಧಾನವಾಗಿ ಕೊನೆಯಲ್ಲಿ ಬಂದಿತು. ಕಾವ್ಯಕ್ಕಿಂತ ಮೊದಲು ಜ್ಯೋತಿಷವು ಬರುವ ಸೂಚೀಪಟ್ಟಿಯನ್ನು ಮೇಷ್ಟ್ರು ಒಪ್ಪುವ ಸಂಭವವೇ ಇರಲಿಲ್ಲ. ಫೆಚ್ ಎಂಬುದು ರಾಗಿಯ ಡಬ್ಬವನ್ನು ಹಿಟ್ಟಿನ ಗಿರಣಿಯಲ್ಲಿ ಇಟ್ಟು ಚೀಟಿ ಪಡೆಯುವ ವ್ಯವಹಾರ. ಕೈಗೆ ಬಂದುದು ಚೀಟಿ, ಹಿಟ್ಟಲ್ಲ. ಅವೇಟ್ ಎಂದರೆ ಹಿಟ್ಟು ಬರುವವರೆಗೆ ಗಿರಣಿಯ ಮುಂದೆ ನಿಲ್ಲುವುದು. ಫಾರ್‌ಈಚ್‌ಗೆ ಈ ನಿಲ್ಲುವ ಶೀಲವಿಲ್ಲ. ಅದು ಪ್ರತಿಯೊಬ್ಬರನ್ನೂ ಒಂದೊಂದು ಡಬ್ಬದೊಡನೆ ಕಳುಹಿಸಿಕೊಟ್ಟು, ಅವರು ನಿಂತರೋ ಬಂದರೋ ನೋಡದೆ ತಾನು ಮುಂದಿನ ಸಾಲಿಗೆ ಹೋಗಿಬಿಡುವುದು. ಅದೇ ಅವೇಟನ್ನು ಫಾರ್-ಆಫ್ ಲೂಪಿನೊಳಗೆ ಬರೆದರೆ ಲೂಪೇ ನಿಲ್ಲುತ್ತದೆ, ಕಾವ್ಯ ಬಂದ ಹೊರತು ನಾಟಕಕ್ಕೆ ಹೋಗುವುದಿಲ್ಲ. ಅಷ್ಟು ಕಾಯುವುದೂ ವ್ಯರ್ಥವೆಂದು ತೋರಿದಾಗ ಎಲ್ಲವನ್ನೂ ಒಟ್ಟಿಗೆ ಕಳುಹಿಸಿ, ಪ್ರಾಮಿಸ್-ಆಲ್ ಎಂಬುದರಿಂದ ಎಲ್ಲವನ್ನೂ ಒಟ್ಟಿಗೆ ಪಡೆಯಬಹುದು. ಯಾವುದು ಮೊದಲು ಬಂದರೂ, ಕೇಳಿದ ಕ್ರಮದಲ್ಲಿಯೇ ಅದು ಜೋಡಿಸಿ ಕೊಡುವುದು. ಅವಳು ಇದನ್ನೇ ಆರಿಸಿಕೊಂಡಳು. ಕಾವ್ಯವು ಪುನಃ ಅಗ್ರಪೀಠವನ್ನೇರಿತು.

ಅಕಾರಾದಿಯ ವ್ಯಾಜ್ಯ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಪುಸ್ತಕದ ಹೆಸರುಗಳನ್ನು ಸಾರ್ಟ್ ಮಾಡಿದರೆ 'ಕಾಳಿದಾಸ' ಎಂದು ಮೊದಲಾಗುವುವು 'ಕಾವ್ಯ' ಎಂದು ಮೊದಲಾಗುವುವಕ್ಕೂ 'ಕಾಶಿ' ಎಂದು ಮೊದಲಾಗುವುವಕ್ಕೂ ಮುಂಚೆ ಬರುತ್ತಿದ್ದುವು. ನಮ್ಮ ವರ್ಣಮಾಲೆಯಲ್ಲಿ ಳಕಾರದ ಸ್ಥಾನವು ಹಕಾರವಾದ ಮೇಲೆ. ಯೂನಿಕೋಡಿನಲ್ಲಾದರೆ, ಭಾರತೀಯ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಹೊಂದಿಸಿದ ಇಸ್ಕಿ ಎಂಬ ಹಿಂದಿನ ಸಂಕೇತಕ್ರಮವನ್ನು ಅನುಸರಿಸಿದುದರ ಫಲವಾಗಿ, ಅದು ಲಕಾರದ ಮಗ್ಗುಲಿನಲ್ಲಿ, ವಕಾರಕ್ಕಿಂತ ಮುಂಚೆ ಇದೆ. ಜಾವಾಸ್ಕ್ರಿಪ್ಟಿನ ಸಾರ್ಟು, ಬೇರೆ ಹೇಳದಿದ್ದರೆ, ಆ ಸಂಕೇತಗಳನ್ನಷ್ಟೇ ನೋಡುತ್ತದೆ. "ನಾನು ಅಕ್ಷರ ಹೇಳಿಕೊಟ್ಟ ಹುಡುಗರೂ ಇದನ್ನು ತಪ್ಪು ಎನ್ನುತ್ತಾರೆ" ಎಂದು ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರು. ಮೊಮ್ಮಗಳು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ಕ್ರಮದಲ್ಲಿ ಅಕ್ಷರಗಳನ್ನು ಒಂದು ಅರೇಯಲ್ಲಿ ಬರೆದು, ಎರಡು ಹೆಸರುಗಳನ್ನು ಆ ಅರೇಯ ಸ್ಥಾನಗಳಿಂದ ಹೋಲಿಸುವ ಒಂದು ಫಂಕ್ಷನ್ನನ್ನು ಸಾರ್ಟಿಗೆ ಕೊಟ್ಟಳು. ಆ ಫಂಕ್ಷನ್ನಿಗೆ ಅವಳು ಇಟ್ಟ ಹೆಸರು 'ತಾತ'.

ವರ್ಷಗಳ ಕಾಲಮಿನಲ್ಲಿ ಅರ್ಧಕ್ಕರ್ಧ ಕನ್ನಡ ಅಂಕಿಗಳು. ಜೇಸನ್ನಿನಲ್ಲಿ ಸಂಖ್ಯೆಯೆಂದರೆ ಇಂಗ್ಲಿಷಿನ ಹತ್ತು ಅಂಕಿಗಳು ಮಾತ್ರ. ೧೯೫೬ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗಾಗಿ ಇಡಬಹುದೇ ಹೊರತು ಸಂಖ್ಯೆಯಾಗಿ ಅಲ್ಲ, ಜಾವಾಸ್ಕ್ರಿಪ್ಟನ್ನು ಕೇಳಿದರೂ ಅದು ಸಂಖ್ಯೆಯಲ್ಲವೆಂದೇ ಹೇಳುವುದು. 1950ರ ಈಚಿನ ಪುಸ್ತಕಗಳನ್ನು ತೋರಿಸೆಂದರೆ ಕನ್ನಡ ಅಂಕಿಯ ಪುಸ್ತಕಗಳು ಈಚಿನವೂ ಅಲ್ಲದೆ ಆಚಿನವೂ ಅಲ್ಲದೆ ತ್ರಿಶಂಕುವಾಗುತ್ತಿದ್ದುವು. ಪ್ರತಿಯೊಂದು ಅಂಕಿಯ ಸಂಕೇತದಿಂದ 3302ನ್ನು ಕಳೆದರೆ ಅದರ ಬೆಲೆ ದೊರೆಯುವುದರಿಂದ ಇದು ಸುಲಭವಾಗಿ ಬಗೆಹರಿಯಿತು. ತೋರಿಸುವಾಗ ಪುನಃ ಕನ್ನಡ ಅಂಕಿಗಳಲ್ಲಿ ತೋರಿಸುವ ಸೌಕರ್ಯವು ಬ್ರೌಸರಿನಲ್ಲಿಯೇ ಇದ್ದುದರಿಂದ ಮೇಷ್ಟ್ರಿಗೂ ತೃಪ್ತಿಯಾಯಿತು.

ಕೊನೆಗೆ ಉಳಿದುದು ಬೆಲೆ. ದಾನವಾಗಿ ಬಂದ ಪುಸ್ತಕಗಳ ಒಟ್ಟು ಮೌಲ್ಯವನ್ನು ವಾರ್ಷಿಕ ವರದಿಯಲ್ಲಿ ತೋರಿಸಬೇಕೆಂದು ಮಂಡಲಿಯವರಿಗೆ ಆಸೆ. ಒಂದು ಲೂಪಿನಲ್ಲಿ ಎಲ್ಲವನ್ನೂ ಕೂಡಿಸಿದರಾಯಿತೆಂದು ಮೊಮ್ಮಗಳು ಕುಳಿತಳು. ಮೇಷ್ಟ್ರು ಪರದೆಯ ಮೇಲೆ ಬಾಗಿ ನೋಡಿ, ಒಂದು ಹಳೆಯ ನಾಟಕದ ಮುಂದೆ 1.40 ಎಂದಿದ್ದುದನ್ನು ಬೆರಳಿನಿಂದ ಮುಟ್ಟಿ, "ಇದು ಒಂದು ರೂಪಾಯಿ ನಲವತ್ತು ಪೈಸೆಯಲ್ಲಮ್ಮ, ಒಂದು ರೂಪಾಯಿ ನಾಲ್ಕಾಣೆ" ಎಂದರು. ರಿಜಿಸ್ಟರಿನಲ್ಲಿ ೧-೪-೦ ಎಂದು ರೂಪಾಯಿ, ಆಣೆ, ಪೈಗಳ ಲೆಕ್ಕದಲ್ಲಿ ಬರೆದಿದ್ದುದನ್ನು ಟೈಪು ಮಾಡಿದವರು ದಶಮಾಂಶವೆಂದು ಭಾವಿಸಿದ್ದರು. 1957ರ ಏಪ್ರಿಲ್ ಒಂದರಿಂದ ನಯಾಪೈಸೆ ಬಂದಿತು, ಅದಕ್ಕೆ ಹಿಂದಿನ ಬೆಲೆಗಳೆಲ್ಲವೂ ಹೀಗೆ ಕೆಟ್ಟಿದ್ದುವು, ಅದರ ಈಚಿನವು ಸರಿಯಾಗಿದ್ದುವು. ಯಾವ ಪುಸ್ತಕವು ಯಾವಾಗ ಕೊಂಡುದೆಂದು ತಿಳಿಯದೆ ಯಾವ ಲೂಪೂ ಅದನ್ನು ಸರಿಪಡಿಸಲಾರದು. ಮೊಮ್ಮಗಳು ಹದಿನಾರು ಆಣೆ, ಹನ್ನೆರಡು ಪೈಗಳ ಸೂತ್ರವನ್ನು ಬರೆಯಲು ಸಿದ್ಧಳಾಗಿದ್ದಳು. ಮೇಷ್ಟ್ರು ಬೇಡವೆಂದರು. ರಿಜಿಸ್ಟರಿನಲ್ಲಿರುವಂತೆಯೇ ಉದ್ಧರಣ ಚಿಹ್ನೆಯೊಳಗೆ ಬರೆದುಬಿಡು, ಕೂಡಿಸಬೇಕೆನ್ನುವವರು ಬಂದು ಕೂಡಿಸಿಕೊಳ್ಳಲಿ ಎಂಬುದು ಅವರ ತೀರ್ಪು. ವಾರ್ಷಿಕ ವರದಿಯಲ್ಲಿ ಆ ವರ್ಷ ಪುಸ್ತಕಗಳ ಸಂಖ್ಯೆಯನ್ನು ಕೊಟ್ಟು ಮೌಲ್ಯದ ಕಾಲಮನ್ನು ಖಾಲಿ ಬಿಟ್ಟರು. ಫೈಲಿನಲ್ಲಿ ಬೆಲೆಯು ಇಂದಿಗೂ ಸ್ಟ್ರಿಂಗಾಗಿಯೇ ಇದೆ.